ಹಡಗಿನ ಪ್ರವಾಸ ಯಾರಿಗೆ ಒಗ್ಗುತ್ತದೆ? ದಾವಣಗೆರೆಯಿಂದ ಹೋಗಿಬಂದವರ ಅನುಭವ

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಐಷಾರಾಮಿ ಹಡಗಿನಲ್ಲಿ ಈ ಚಳಿಗಾಲ ತಾಯಿಯವರನ್ನು ಕರೆದೊಯ್ದಿದ್ದೆ. ಊರೂರಿಗೆ ಹೋಟೆಲು ಬದಲಿಸಿ ಗಂಟುಮೂಟೆ ಕಟ್ಟುವ ತಾಪತ್ರಯವಿಲ್ಲದೆ, ಊಟಕ್ಕೂ ಮೇಲ್ಮಹಡಿಗೂ ಲಿಫ್ಟಿನಲ್ಲೇ ಓಡಾಡಬಹುದಾದ್ದರಿಂದ ಮಂಡಿನೋವಿರುವ ಹಿರಿಯರಿಗೆ ಈ ಪ್ರವಾಸ ನಿಜಕ್ಕೂ ಅನುಕೂಲ. ಸಸ್ಯಾಹಾರ ಧಾರಾಳವಾಗಿತ್ತು, ಬೆಣ್ಣೆ ದೋಸೆ, ಖಾರ ಮಂಡಕ್ಕಿಯ ರುಚಿಗೆ ಒಗ್ಗಿದ ನಮ್ಮ ನಾಲಿಗೆಗೆ ಮಾತ್ರ ಅಡುಗೆ ತುಸು ಸಪ್ಪೆಯೆನಿಸಿತು.

ಆದರೆ ದ್ವೀಪದ ಸುತ್ತ ಹವಳದ ದಿಬ್ಬಗಳಿದ್ದು ನೀರಿನ ಆಳ ಸಾಲದ ಕಾರಣ, ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆಗೆ ಏರಿಳಿಯುತ್ತಿದ್ದ ದೋಣಿ ಮೇಲೆದ್ದ ಕ್ಷಣವನ್ನೇ ಕಾದು, ಇಬ್ಬರು ಸಿಬ್ಬಂದಿ ಎರಡೂ ತೋಳು ಹಿಡಿದು ಅಮ್ಮನನ್ನು ದಾಟಿಸಿದರು. ಅವರ ಎಚ್ಚರಿಕೆಗೆ ನಾನು ಋಣಿ. ಟಿಕೆಟ್ ಮಾಡಿಸಿದ ಏಜೆಂಟರು ಈ ವಿಷಯವನ್ನು ಮೊದಲೇ ತಿಳಿಸಬೇಕಿತ್ತು.

ಜಾಹೀರಾತಿನ ದರವನ್ನಷ್ಟೇ ನೋಡಿ ನಿರ್ಧರಿಸಬೇಡಿ. ತೆರಿಗೆ, ಬಂದರು ಶುಲ್ಕ, ವೈಫೈ, ದ್ವೀಪದ ವಿಹಾರ ಇವೆಲ್ಲವೂ ಸಾಮಾನ್ಯವಾಗಿ ಪ್ರತ್ಯೇಕ. ಮುಂಬೈವರೆಗಿನ ರೈಲು, ವಸತಿಯ ಖರ್ಚೂ ಸೇರಬೇಕು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಕಡ್ಡಾಯವಾದ್ದರಿಂದ ಅದನ್ನು ಯಾರು ಮಾಡಿಸುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಹೊಟ್ಟೆ ತೊಳಸುವವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಆರಿಸಿಕೊಂಡರೆ ಓಲಾಟ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ, ಆ ತಿಂಗಳುಗಳು ಬೇಡ.

ಊರೊಳಗೆ ಮನಸ್ಸಿಗೆ ಬಂದಷ್ಟು ಹೊತ್ತು ಸುತ್ತಬೇಕೆನ್ನುವವರಿಗೆ ದಡದ ಮೇಲಿನ ಕೆಲವೇ ಗಂಟೆಗಳು ಸಾಲವು. ಅಂಥವರು ಇದೇ ಹಣದಲ್ಲಿ ಕರಾವಳಿಗೆ ಹೋಗುವುದು ಮೇಲು.