ಫೋಟೋಮ್ಯಾಥ್: ಉತ್ತರ ನೋಡಿಕೊಂಡರೆ ಅದು ನಕಲೇ?

ಬಹಳ ವರ್ಷಗಳ ನಂತರ ಬೀಜಗಣಿತವನ್ನು ಮೊದಲಿನಿಂದ ಕಲಿಯಲು ಕುಳಿತಾಗ ನಾನು ಜೊತೆಗಿಟ್ಟುಕೊಂಡದ್ದು ಫೋಟೋಮ್ಯಾಥ್ ಆಪ್. 2014ರಲ್ಲಿ ಬಿಡುಗಡೆಯಾಗಿ ಈಗ ಗೂಗಲ್ ಒಡೆತನದಲ್ಲಿರುವ ಈ ಆಪ್, ಅಚ್ಚಾದ ಅಥವಾ ಕೈಯಲ್ಲಿ ಬರೆದ ಲೆಕ್ಕದ ಮೇಲೆ ಕ್ಯಾಮೆರಾ ಹಿಡಿದರೆ ಅದನ್ನು ಓದಿಕೊಂಡು, ಉತ್ತರವನ್ನೂ ಅದನ್ನು ಪಡೆಯುವ ಹಂತಗಳನ್ನೂ ತೋರಿಸುತ್ತದೆ. ಇಷ್ಟು ಸಲೀಸಾಗಿ ಉತ್ತರ ಕೈಗೆ ಸಿಗುವಾಗ, ಇದು ನಕಲು ಮಾಡಿದಂತಲ್ಲವೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಇದರ ಗುಣದೋಷಗಳನ್ನು ಹೇಳಲು ನನ್ನಿಂದಾಗದು.

ಒಂದು ಲೆಕ್ಕವನ್ನೇ ನೋಡೋಣ: 7 − (ಎಕ್ಸ್ − 4) = 5. ಇದನ್ನು ಬಿಡಿಸಿದಾಗ ನನಗೆ −2 ಬಂತು. ಆಪ್ 6 ಎಂದಿತು. ಹಂತಗಳನ್ನು ತೆರೆದು ನನ್ನ ಹಾಳೆಯ ಪಕ್ಕದಲ್ಲಿಟ್ಟು ನೋಡಿದಾಗಲೇ, ಆವರಣದ ಮುಂದಿನ ಋಣ ಚಿಹ್ನೆಯು ಒಳಗಿನ 4ರ ಚಿಹ್ನೆಯನ್ನೂ ಬದಲಿಸುತ್ತದೆ ಎಂಬುದನ್ನು ನಾನು ಮರೆತಿದ್ದೆನೆಂದು ತಿಳಿಯಿತು. ಆ ತಪ್ಪನ್ನು ಮತ್ತೆ ಮಾಡಿಲ್ಲ. ಆದರೆ ದಣಿದಿದ್ದ ಕೆಲವು ಸಂಜೆ ಪೆನ್ನು ಹಿಡಿಯುವ ಮೊದಲೇ ಹಂತಗಳನ್ನು ನೋಡಿದ್ದೇನೆ. ಓದುವಾಗ ಎಲ್ಲವೂ ಅರ್ಥವಾದಂತೆನಿಸಿದರೂ ವಾರದ ನಂತರ ಅದೇ ಲೆಕ್ಕ ಎದುರಿಗೆ ಬಂದಾಗ ಮೊದಲ ಹಂತವೇ ಹೊಳೆಯಲಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದಕ್ಕೆ ಹತ್ತಿರದ್ದನ್ನೇ ಹೇಳುತ್ತದೆ: ಪಠ್ಯವನ್ನು ಮತ್ತೆ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೆ, ಅದನ್ನು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು.

ಆದ್ದರಿಂದ, ಸ್ವಂತ ಕಲಿಕೆಗಾಗಿ ಪ್ರಯತ್ನಿಸಿದ ನಂತರ ಉತ್ತರ ನೋಡುವುದನ್ನು ಮೋಸವೆನ್ನಲು ನಾನು ಸಿದ್ಧನಿಲ್ಲ. ಗಣಿತದ ಪುಸ್ತಕಗಳ ಕೊನೆಯ ಪುಟಗಳಲ್ಲಿ ಉತ್ತರಗಳನ್ನು ಅಚ್ಚು ಹಾಕುವುದೂ ಇದಕ್ಕಾಗಿಯೇ. ಪರೀಕ್ಷೆಯಲ್ಲಿ ಬಳಸುವುದು ಸ್ಪಷ್ಟವಾಗಿ ನಕಲು, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಕಷ್ಟವಿರುವುದು ಮನೆಗೆಲಸದ ವಿಷಯದಲ್ಲಿ. ಆಪ್ ತೋರಿಸಿದ ಹಂತಗಳನ್ನು ನೋಟ್‌ಬುಕ್ಕಿಗೆ ಇಳಿಸಿ ಒಪ್ಪಿಸಿದ ವಿದ್ಯಾರ್ಥಿ, ತನಗೆ ಈ ಪಾಠ ಅರ್ಥವಾಗಿದೆ ಎಂಬ ಸುಳ್ಳು ಸುದ್ದಿಯನ್ನು ಶಿಕ್ಷಕರಿಗೆ ಮುಟ್ಟಿಸುತ್ತಾನೆ. ಅವರು ಅದನ್ನು ನಂಬಿ ಮುಂದಿನ ಪಾಠಕ್ಕೆ ಹೋಗುತ್ತಾರೆ, ಮತ್ತೊಮ್ಮೆ ವಿವರಿಸಬೇಕಿದ್ದ ಜಾಗ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅಂಕಗಳ ಅನ್ಯಾಯಕ್ಕಿಂತ ಈ ನಷ್ಟವೇ ನನಗೆ ದೊಡ್ಡದಾಗಿ ಕಾಣುತ್ತದೆ. ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾವ ಹಂತವನ್ನು ಆಪಿನಲ್ಲಿ ನೋಡಿದೆ ಎಂದು ಅಂಚಿನಲ್ಲಿ ಒಂದು ಸಾಲು ಬರೆದರೂ ಈ ತೊಡಕು ಬಹುಮಟ್ಟಿಗೆ ಕಳೆಯುತ್ತದೆ.

ಕೇಳಿದ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಡುವ, 2009ರಿಂದ ಇರುವ ಜಾಲತಾಣ ವುಲ್ಫ್ರಮ್ ಆಲ್ಫಾದ ವ್ಯಾಪ್ತಿ ಗಣಿತದಾಚೆಗೂ ಹರಡಿದೆ, ಆದರೆ ಅಲ್ಲಿ ಪೂರ್ಣ ಹಂತಗಳಿಗೆ ಚಂದಾ ಕಟ್ಟಬೇಕು. ಫೋಟೋಮ್ಯಾಥ್‌ನಲ್ಲಿ ಮೂಲ ಹಂತಗಳು ಉಚಿತವಾಗಿರುವುದರಿಂದ ಹೊಸದಾಗಿ ಕಲಿಯುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕವನ್ನು ತಡೆಹಿಡಿದದ್ದು, ಲೆಕ್ಕವನ್ನು ಓದಿದ ಕೂಡಲೇ ಉತ್ತರ ಪರದೆಯ ಮೇಲೆ ಬಂದುಬಿಡುವುದರಿಂದ. ಬಳಸುವವರು ತಮ್ಮ ಉತ್ತರವನ್ನು ಬರೆಯುವವರೆಗೂ ಅದನ್ನು ಮರೆಯಲ್ಲಿಟ್ಟು, ನಂತರ ಎರಡನ್ನೂ ಅಕ್ಕಪಕ್ಕ ತೋರಿಸುವಂತಾದರೆ ಆ ಅಂಕವನ್ನೂ ಸಂತೋಷದಿಂದ ಕೊಡುತ್ತೇನೆ. ಅಲ್ಲಿಯವರೆಗೆ, ನನ್ನ ಉತ್ತರ ಹಾಳೆಯ ಮೇಲೆ ಬೀಳುವ ತನಕ ಫೋನನ್ನು ಪಕ್ಕದ ಕೋಣೆಯಲ್ಲಿ ಇಟ್ಟಿರುತ್ತೇನೆ.