ಕೊಳದ ಲೋಳೆಗೆ ಇನ್ನಷ್ಟು ಕ್ಲೋರಿನ್ ಸುರಿಯುವ ಮೊದಲು ಇದನ್ನು ಓದಿ

ಹೋದ ಜೂನ್‌ನಲ್ಲಿ ಒಂದು ಶನಿವಾರ ಬೆಳಗ್ಗೆ, ನಮ್ಮ ಹಿತ್ತಲ ಈಜುಕೊಳ ತೊಳೆಯಲು ಬಂದಿದ್ದ ಹುಡುಗ ಆಸಿಡ್ ಅಳೆದ ಮಗ್ಗಿನಲ್ಲೇ ಬ್ಲೀಚಿಂಗ್ ಪೌಡರ್ ತುಂಬಿಕೊಂಡ. ಮಗ್ಗಿನ ತಳದಲ್ಲಿ ಎರಡು ಚಮಚದಷ್ಟು ಆಸಿಡ್ ಉಳಿದಿತ್ತು, ಅಷ್ಟೇ. ಬುಸ್ ಅಂತ ನೊರೆ ಉಕ್ಕಿ ಹಳದಿ ಬೆರೆತ ಹಸಿರು ಹೊಗೆ ಎದ್ದಿತು. ಹುಡುಗ ಮಗ್ ಬಿಸಾಡಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕ್ಲೋರಿನ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಅಲ್ಲಿ ಕೂರಲೇಬಾರದಿತ್ತು. ನಮ್ಮ ಯಜಮಾನರು ಮೂಗಿಗೆ ಟವಲ್ ಹಿಡಿದು ಓಡಿ, ರಟ್ಟೆ ಹಿಡಿದು ಅವನನ್ನು ಗೇಟಿನ ಹೊರಗೆ ಎಳೆದುಕೊಂಡು ಬಂದರು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಕೊಟ್ಟು, ನೆಬ್ಯುಲೈಸರ್ ಹಾಕಿ, ಸಂಜೆವರೆಗೂ ಇಟ್ಟುಕೊಂಡರು. ಇಪ್ಪತ್ತು ವರ್ಷದ ಹುಡುಗ. ಅವರಮ್ಮನಿಗೆ ಫೋನ್ ಮಾಡುವಾಗ ನನ್ನ ಕೈ ನಡುಗುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದಿಷ್ಟು ಲೋಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಬೆಂಗಳೂರಿನ ಕನಕಪುರ ರಸ್ತೆ ಕಡೆ. ಕೊಳ ಚಿಕ್ಕದು, ಇಪ್ಪತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕಡಿ ಆಳ. ಸುಮಾರು 22,000 ಲೀಟರ್ ಹಿಡಿಯುತ್ತದೆ. ನೋಡಿಕೊಳ್ಳಲು ಒಂದು ಕಂಪನಿಗೆ ತಿಂಗಳ ಲೆಕ್ಕದಲ್ಲಿ ಕೊಟ್ಟಿದ್ದೆವು. ಅವರು ವಾರಕ್ಕೆ ಒಂದು 200 ಗ್ರಾಂ ಕ್ಲೋರಿನ್ ಮಾತ್ರೆ ಹಾಕಿ ಹೋಗುತ್ತಿದ್ದರು. ನವೆಂಬರಿನಿಂದ ಮೇ ತನಕ ಅದೇ ಕ್ರಮ.

ಮೇ ಕೊನೆಗೆ ಲೋಳೆ ಶುರುವಾಯಿತು. ನೀರು ನೋಡಲು ತಿಳಿಯಾಗಿಯೇ ಇತ್ತು. ಆದರೆ ಏಣಿಯ ಮೆಟ್ಟಿಲ ಅಡಿಗೆ ಕೈ ಹಾಕಿದರೆ ಹೆಚ್ಚಿದ ಬೆಂಡೆಕಾಯಿ ಮುಟ್ಟಿದ ಹಾಗೆ ಅಂಟಂಟು. ಉಜ್ಜಿ ತೆಗೆದರೆ ಮೂರನೇ ದಿನಕ್ಕೆ ಮತ್ತೆ ಅಲ್ಲೇ. ಮಗಳು ಜಾರಿ ಮೊಣಕೈ ತರಚಿಕೊಂಡಳು.

ಕಂಪನಿಯವರನ್ನು ಕೇಳಿದರೆ, 'ಕ್ಲೋರಿನ್ ಸಾಕಾಗ್ತಿಲ್ಲ ಮೇಡಂ' ಅಂದರು. ಮಾತ್ರೆ ಎರಡಾಯಿತು. ಆಮೇಲೆ ಬ್ಲೀಚಿಂಗ್ ಪೌಡರ್ ಬಂತು. ಅದರ ಮೇಲೆ ಮೈಲುತುತ್ತ. ನಮ್ಮದು ಬೋರ್‌ವೆಲ್ ನೀರು, ಮೊದಲೇ ಗಡಸು. ಬ್ಲೀಚಿಂಗ್ ಪೌಡರಿನಲ್ಲಿ ಇರುವುದೂ ಸುಣ್ಣವೇ. ಕೊಳ ಮಜ್ಜಿಗೆ ನೀರಿನಂತೆ ಬೆಳ್ಳಗಾಯಿತು. ಅದನ್ನು ಸರಿಮಾಡಲು ಆಸಿಡ್ ತರಿಸಿದರು. ಮುಂದೆ ಆದದ್ದು ಹೇಳಿದೆನಲ್ಲ.

ಮಾರನೇ ದಿನ ಜಯನಗರದಿಂದ ನಮ್ಮ ಚಿಕ್ಕಪ್ಪ ಬಂದರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದವರು. ಕಂಪನಿಯವರ ಪರೀಕ್ಷೆ ಡಬ್ಬಿ ನೋಡಿ, 'ಅಲ್ಲಮ್ಮ, ಇದು ಹಳದಿ ಬಣ್ಣ ಬರೋದು. ಒಟ್ಟು ಕ್ಲೋರಿನ್ ತೋರಿಸುತ್ತೆ, ಕೆಲಸ ಮುಗಿಸಿ ಸತ್ತದ್ದನ್ನೂ ಸೇರಿಸಿ' ಅಂದರು. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಕೊಳ್ಳಬೇಕು, ಅದರಲ್ಲಿ ಬಿಡಿ ಕ್ಲೋರಿನ್, ಅಂದರೆ ಇನ್ನೂ ಕೆಲಸಕ್ಕೆ ಬರುವುದು, ಬೇರೆಯಾಗಿ ಗೊತ್ತಾಗುತ್ತದೆ.

ನಿಜವಾದ ತೊಂದರೆ ಅದಲ್ಲ, ಇನ್ನೊಂದು. ಆ ಮಾತ್ರೆಗಳಲ್ಲಿ ಕ್ಲೋರಿನ್ ಜೊತೆಗೆ ಸಯಾನುರಿಕ್ ಆಸಿಡ್ ಇರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವುದು ಅದರ ಕೆಲಸ. 30ರಿಂದ 50 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು ಅನ್ನುವ ಲೆಕ್ಕ) ಇದ್ದರೆ ಒಳ್ಳೆಯದು. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಇದು ಹಾಗೇ ಉಳಿಯುತ್ತದೆ. ನೀರು ಆವಿಯಾದರೂ ಇದು ಹೋಗುವುದಿಲ್ಲ. ನಮ್ಮಷ್ಟು ಕೊಳಕ್ಕೆ ಒಂದು ಮಾತ್ರೆಯಿಂದ ಸುಮಾರು 5 ಪಿಪಿಎಂ ಸೇರುತ್ತದೆ. ಏಳು ತಿಂಗಳ ಲೆಕ್ಕ ನೀವೇ ಹಾಕಿ. ಜಾಸ್ತಿಯಾದರೆ ಅದು ಕ್ಲೋರಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ, ಲೋಳೆಯ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿ ಕುಗ್ಗುತ್ತದೆ.

ಚಿಕ್ಕಪ್ಪ ಅದನ್ನು ಅಳೆದದ್ದು ಒಂದು ಗಾಜಿನ ಕೊಳವೆಯಲ್ಲಿ. ತಳದಲ್ಲಿ ಕಪ್ಪು ಚುಕ್ಕೆ. ಪರೀಕ್ಷೆಯ ಮದ್ದು ಬೆರೆಸಿದ ಕೊಳದ ನೀರು ಮೋಡ ಕವಿದಂತೆ ಕದಡುತ್ತದೆ. ಮೇಲಿಂದ ಇಣುಕುತ್ತಾ ಸ್ವಲ್ಪ ಸ್ವಲ್ಪವೇ ಸುರಿಯಬೇಕು, ಚುಕ್ಕೆ ಮರೆಯಾದಲ್ಲಿ ಪಕ್ಕದ ಅಂಕಿ ಓದಬೇಕು. ನಮ್ಮದರಲ್ಲಿ ಕೊಳವೆಯ ಕೊನೆಯ ಅಂಕಿ 100ರಲ್ಲೇ ಚುಕ್ಕೆ ಮಾಯ. ಅರ್ಧಕ್ಕರ್ಧ ನಲ್ಲಿ ನೀರು ಬೆರೆಸಿ ಮತ್ತೆ ನೋಡಿದಾಗ 70 ಬಂತು. ಅಂದರೆ 140. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಬೇರೆ 8 ದಾಟಿತ್ತು. ಪಿಎಚ್ ಏರಿದಷ್ಟೂ ಕ್ಲೋರಿನ್ ಸೋಮಾರಿಯಾಗುತ್ತದೆ. 7.5ರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕೆಲಸ ಮಾಡಿದರೆ, 8ರಲ್ಲಿ ಕಾಲು ಭಾಗವೂ ಇಲ್ಲ. ನಾವು ದುಡ್ಡು ಕೊಟ್ಟು ಸುರಿಸಿದ ಒಂದೊಂದು ಮಾತ್ರೆಯೂ ಲೋಳೆಗೇ ಅನುಕೂಲ ಮಾಡಿಕೊಟ್ಟಿತ್ತು.

ಸಯಾನುರಿಕ್ ಆಸಿಡ್ ಇಳಿಸಲು ನೀರು ಬದಲಿಸುವುದು ಬಿಟ್ಟು ನಮಗೆ ಬೇರೆ ದಾರಿ ಇರಲಿಲ್ಲ. ಈ ಊರಲ್ಲಿ ಅದು ಸಣ್ಣ ಮಾತಲ್ಲ, ಅಲ್ವಾ? 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಹೊರಡಿಸಿದ್ದು, 5,000 ರೂಪಾಯಿ ದಂಡವೆಂದದ್ದು ನಿಮಗೂ ನೆನಪಿರುತ್ತದೆ. ಜನ ಬಿಂದಿಗೆ ಹಿಡಿದು ನಿಂತ ಊರಿನಲ್ಲಿ 15,000 ಲೀಟರ್ ಚರಂಡಿಗೆ ಬಿಟ್ಟಾಗ ಹೊಟ್ಟೆ ಉರಿಯಿತು. ತಿಂಗಳಿಗೊಮ್ಮೆ ಅಳೆದಿದ್ದರೆ ಆ ನೀರೆಲ್ಲ ಉಳಿಯುತ್ತಿತ್ತು.

ಮೂರು ಪಾಲಲ್ಲಿ ಎರಡು ಪಾಲು ಮಾತ್ರ ಬಿಟ್ಟೆವು. ಮಳೆಗಾಲದಲ್ಲಿ ಪೂರ್ತಿ ಖಾಲಿ ಮಾಡಿದರೆ ಅಡಿಯಲ್ಲಿ ನಿಂತ ನೀರು ತೊಟ್ಟಿಯನ್ನೇ ಮೇಲೆತ್ತಬಹುದು. ನೀರು ಇಳಿದಾಗಲೇ ಗೋಡೆ ಉಜ್ಜಿದೆವು, ಏಣಿ ಬಿಚ್ಚಿ ತೊಳೆದೆವು. ಫಿಲ್ಟರ್ ತೆರೆದರೆ ಒಳಗಿನ ಮರಳು ಹಳೇ ಬೆಲ್ಲದಂತೆ ಗಟ್ಟಿ ಉಂಡೆಯಾಗಿ, ಮುಟ್ಟಿದರೆ ಜಾರುತ್ತಿತ್ತು. ಲೋಳೆಯ ತವರೇ ಅಲ್ಲಿತ್ತು. ಕ್ಲೋರಿನ್ ಲೋಳೆಯ ಮೇಲ್ಪದರ ಸವರಿ ಹೋಗುತ್ತದೆ, ಒಳಗಿನದು ಬದುಕಿರುತ್ತದೆ. ಬ್ರಷ್ ಹಾಕಿ ಒಡೆಯದೆ ಯಾವ ಮದ್ದೂ ನಾಟುವುದಿಲ್ಲ. ಮರಳು ಬದಲಿಸಿ, ಟ್ಯಾಂಕರ್ ನೀರು ತುಂಬಿಸಿ, ಪಿಎಚ್ 7.2ಕ್ಕೆ ಇಳಿಸಿ, ಸಂಜೆ ಹೊತ್ತು ದ್ರವ ಕ್ಲೋರಿನ್ (ಸೋಡಿಯಂ ಹೈಪೊಕ್ಲೋರೈಟ್) ಹಾಕಿ ಮೂರು ದಿನ ಪಂಪ್ ನಿಲ್ಲಿಸದೆ ಓಡಿಸಿದೆವು. ದಿನಕ್ಕೆರಡು ಸಲ ಬ್ರಷ್. ದ್ರವ ಕ್ಲೋರಿನ್ನಿನಲ್ಲಿ ಸುಣ್ಣವೂ ಇಲ್ಲ, ಸಯಾನುರಿಕ್ಕೂ ಇಲ್ಲ. ಆದರೆ ಸೆಕೆಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಹಳೇ ಕ್ಯಾನ್ ತರಬೇಡಿ.

ನಿಮ್ಮ ಮನೆಗೆ ಬರುವವರನ್ನು ಕೇಳಿ: ಯಾವ ಕಿಟ್ಟಿನಲ್ಲಿ ಅಳೆಯುತ್ತೀರಿ, ಸಯಾನುರಿಕ್ ಎಷ್ಟಿದೆ? ಉತ್ತರ ಬರದಿದ್ದರೆ ಇನ್ನೊಂದು ಮಾತ್ರೆ ಹಾಕಲು ಬಿಡಬೇಡಿ. ಆಸಿಡ್ಡಿಗೂ ಬ್ಲೀಚಿಂಗ್ ಪೌಡರಿಗೂ ಒಂದೇ ಮಗ್, ಒಂದೇ ಬಕೆಟ್ ಕೂಡದು. ಮಾತ್ರೆ ಇಟ್ಟ ಡಬ್ಬಿಗೆ ಬ್ಲೀಚಿಂಗ್ ಪೌಡರ್ ಹಾಕಲೇಬಾರದು, ಬೆಂಕಿ ಹತ್ತಿ ಸಿಡಿಯಬಹುದು. ಮದ್ದನ್ನು ನೀರಿಗೆ ಹಾಕಿ, ಮದ್ದಿನ ಮೇಲೆ ನೀರು ಸುರಿಯಬೇಡಿ.

ಹುಡುಗ ಈಗ ಚೆನ್ನಾಗಿದ್ದಾನೆ. ಆ ಕಂಪನಿ ಬಿಟ್ಟು ಬೇರೆ ಕಡೆ ಕೆಲಸಕ್ಕೆ ಸೇರಿದ್ದಾನೆ. ನಮ್ಮಲ್ಲಿ ಆಸಿಡ್ಡಿಗೆ ಕೆಂಪು ಮಗ್, ಅದನ್ನು ಗೇಟಿನ ಪಕ್ಕದ ಗೂಡಿನಲ್ಲಿ ಬೀಗ ಹಾಕಿ ಇಡುತ್ತೇವೆ. ಕ್ಲೋರಿನ್ ಕ್ಯಾನ್ ಮನೆಯ ಇನ್ನೊಂದು ತುದಿಯ ನೆರಳಿನಲ್ಲಿದೆ.