ಸೇವಾದಾತರ ಗೇಟ್‌ವೇ ಹಿಂದೆ ಸ್ವಂತ ರೌಟರ್: ಮೂರು ವರ್ಷಗಳ ಬಳಕೆಯಲ್ಲಿ ಲೂಪ್‌ಬ್ಯಾಕ್

ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶ ಹಾಕಿದ ಸ್ವಂತ ರೌಟರನ್ನು ಅಂತರ್ಜಾಲ ಸೇವಾದಾತರು ಕೊಟ್ಟ ಗೇಟ್‌ವೇಯ (ಮನೆಯನ್ನು ಅಂತರ್ಜಾಲಕ್ಕೆ ಜೋಡಿಸುವ ಸಾಧನ) ಹಿಂದೆ ಜೋಡಿಸಿ ಈಗ ಮೂರು ವರ್ಷಗಳಾಗಿವೆ. ವೈಫೈಯ ವೇಗ, ವ್ಯಾಪ್ತಿ, ಸ್ಥಿರತೆ ಯಾವುದರಲ್ಲೂ ನನಗೆ ತಕರಾರಿಲ್ಲ, ಆದ್ದರಿಂದ ಅವುಗಳನ್ನು ಇಲ್ಲಿ ವಿವರಿಸುವುದಿಲ್ಲ. ಈ ಜೋಡಣೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಲ ಕಾಡಿದ್ದು ಲೂಪ್‌ಬ್ಯಾಕ್ ಸಂಪರ್ಕ, ಅಂದರೆ ಮನೆಯೊಳಗೇ ಇರುವ ಸರ್ವರನ್ನು ಮನೆಯೊಳಗಿನಿಂದಲೇ ಅದರ ಸಾರ್ವಜನಿಕ ಹೆಸರಿನಿಂದ ತಲುಪುವುದು.

ಮನೆಯವರೆಲ್ಲರ ಫೋಟೋಗಳನ್ನು ಇಡಲು ಒಂದು ಪುಟ್ಟ ಕಂಪ್ಯೂಟರನ್ನು ಸರ್ವರ್ ಆಗಿ ಮಾಡಿಕೊಂಡಿದ್ದೇನೆ. ಅದಕ್ಕೊಂದು ಡೊಮೇನ್ ಹೆಸರು, ಆ ಹೆಸರು ನಿಜವೆಂದು ಬ್ರೌಸರಿಗೆ ತೋರಿಸುವ ಒಂದು ಪ್ರಮಾಣಪತ್ರ ಇವೆ. ಫೋನಿನ ಆ್ಯಪ್‌ನಲ್ಲಿ ಒಂದೇ ವಿಳಾಸ ಬರೆದಿಟ್ಟರೆ ಹೊರಗಿದ್ದರೂ ಮನೆಯಲ್ಲಿದ್ದರೂ ಫೋಟೋಗಳು ತಾವಾಗಿಯೇ ಸರ್ವರಿಗೆ ಹೋಗಬೇಕು ಎಂಬುದು ನನ್ನ ಅಪೇಕ್ಷೆಯಾಗಿತ್ತು. ಗೇಟ್‌ವೇಯಲ್ಲಿ ಒಮ್ಮೆ, ರೌಟರಿನಲ್ಲಿ ಇನ್ನೊಮ್ಮೆ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಂದು ಪೋರ್ಟ್ ಸಂಖ್ಯೆಗೆ ಬಂದ ಕೋರಿಕೆಯನ್ನು ಒಳಗಿನ ಸಾಧನಕ್ಕೆ ದಾಟಿಸುವ ನಿಯಮ) ಮಾಡಿದ ಮೇಲೆ ಮೊಬೈಲ್ ಡೇಟಾದಿಂದ ಎಲ್ಲವೂ ಸರಾಗವಾಗಿ ತೆರೆದುಕೊಂಡಿತು. ಅದೇ ಫೋನನ್ನು ಮನೆಯ ವೈಫೈಗೆ ಸೇರಿಸಿ ಅದೇ ಹೆಸರನ್ನು ಬ್ರೌಸರಿನಲ್ಲಿ ಬರೆದಾಗ ಮೊದಲು ಪ್ರಮಾಣಪತ್ರ ಹೊಂದುತ್ತಿಲ್ಲವೆಂಬ ಎಚ್ಚರಿಕೆ ಬಂತು, ಅದನ್ನು ದಾಟಿದರೆ ಗೇಟ್‌ವೇಯ ಲಾಗಿನ್ ಪುಟ ಎದುರಾಯಿತು.

ತಪ್ಪು ರೌಟರಿನದೇ ಎಂದುಕೊಂಡು ಹಲವು ಸಂಜೆಗಳನ್ನು ಕಳೆದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಪ್ರತಿ ಪೋರ್ಟ್ ಫಾರ್ವರ್ಡ್ ನಿಯಮದ ಜೊತೆಗೂ ಲೂಪ್‌ಬ್ಯಾಕ್ ಆಯ್ಕೆ ಇರುತ್ತದೆ, ಮೊದಲಿನಿಂದಲೇ ಚಾಲೂ ಆಗಿಯೂ ಇರುತ್ತದೆ. ಆದರೂ ಅದು ಕೆಲಸ ಮಾಡದಿರಲು ಕಾರಣವೇನೆಂಬುದು ರೌಟರಿನ ಸ್ಥಿತಿ ಪುಟವನ್ನು ನಿಧಾನವಾಗಿ ಓದಿದ ದಿನ ಹೊಳೆಯಿತು. ಅಲ್ಲಿ ಹೊರಮುಖದ (ಗೇಟ್‌ವೇ ಕಡೆಯ) ವಿಳಾಸ 192.168.1.64 ಎಂದಿತ್ತು, ಅದು ಮನೆಯೊಳಗಷ್ಟೇ ನಡೆಯುವ ಖಾಸಗಿ ವಿಳಾಸ. ನನ್ನ ನಿಜವಾದ ಸಾರ್ವಜನಿಕ ವಿಳಾಸ, ಉದಾಹರಣೆಗೆ 203.0.113.10 ಎಂದಿಟ್ಟುಕೊಳ್ಳೋಣ, ಇದ್ದದ್ದು ಗೇಟ್‌ವೇಯ ಬಳಿ. ರೌಟರ್ ತನ್ನ ಲೂಪ್‌ಬ್ಯಾಕ್ ನಿಯಮವನ್ನು ತನ್ನ ಹೊರಮುಖದಲ್ಲಿರುವ ವಿಳಾಸಕ್ಕಷ್ಟೇ ರಚಿಸಿಕೊಳ್ಳುತ್ತದೆ. 203.0.113.10ಕ್ಕೆ ಹೊರಟ ಪ್ಯಾಕೆಟ್ (ಮಾಹಿತಿಯ ತುಣುಕು) ತನಗೆ ಸಂಬಂಧಿಸಿದ್ದೆಂದು ತಿಳಿಯುವ ದಾರಿಯೇ ಅದಕ್ಕಿಲ್ಲದ ಕಾರಣ ಅದು ಪ್ಯಾಕೆಟನ್ನು ಗೇಟ್‌ವೇಗೆ ದಾಟಿಸುತ್ತಿತ್ತು. ಗೇಟ್‌ವೇ ಆ ಪ್ಯಾಕೆಟನ್ನು ಹಿಂದಕ್ಕೆ ತಿರುಗಿಸುವ ಬದಲು ತನಗೇ ಬಂದದ್ದೆಂದು ಭಾವಿಸಿ ತನ್ನ ಲಾಗಿನ್ ಪುಟವನ್ನು ಕೊಡುತ್ತಿತ್ತು. ಹೀಗೆ ತಿರುಗಿಸುವುದಕ್ಕೆ ಹೇರ್‌ಪಿನ್ ಎಂಬ ಹೆಸರೂ ಇದೆ. ವಿಳಾಸ ಬದಲಿಸುವ ಸಾಧನಗಳು ಇದನ್ನು ಮಾಡಲೇಬೇಕು ಎಂದು ಅಂತರ್ಜಾಲದ ನಿಯಮ ದಾಖಲೆಗಳಾದ 2007ರ ಆರ್‌ಎಫ್‌ಸಿ 4787 ಯುಡಿಪಿ ಎಂಬ ಸಾಗಣೆ ವಿಧಾನಕ್ಕೆ, 2008ರ ಆರ್‌ಎಫ್‌ಸಿ 5382 ಟಿಸಿಪಿ ಎಂಬ ಇನ್ನೊಂದಕ್ಕೆ ಸ್ಪಷ್ಟವಾಗಿ ವಿಧಿಸಿವೆ. ಇಷ್ಟು ವರ್ಷಗಳ ನಂತರವೂ ಗ್ರಾಹಕರಿಗೆ ಕೊಡುವ ಗೇಟ್‌ವೇಯಲ್ಲಿ ಅದು ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಮೊದಲ ಪರಿಹಾರವಾಗಿ ಸಾರ್ವಜನಿಕ ವಿಳಾಸವನ್ನು ಕೈಯಾರೆ ಬರೆದು ರೌಟರಿನಲ್ಲಿ ಒಂದು ನಿಯಮ ಮಾಡಿದೆ: ಒಳಗಿನಿಂದ ಆ ವಿಳಾಸಕ್ಕೆ ಬರುವುದನ್ನೆಲ್ಲ ಸರ್ವರಿನ 192.168.10.5ಕ್ಕೆ ಕಳುಹಿಸು. ಪುಟ ಆಗಲೂ ತೆರೆಯಲಿಲ್ಲ. ಸರ್ವರಿನಲ್ಲಿ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಸಲಕರಣೆ) ಓಡಿಸಿ ನೋಡಿದಾಗ ಪ್ಯಾಕೆಟ್ ಬಂದು ತಲುಪುತ್ತಿತ್ತು, ಸರ್ವರ್ ಉತ್ತರವನ್ನೂ ಕೊಡುತ್ತಿತ್ತು, ಆದರೆ ಆ ಉತ್ತರ ಸಿಕ್ಕಿದ ಮರುಕ್ಷಣವೇ ಫೋನ್ ಸಂಪರ್ಕವನ್ನು ಕಡಿದುಹಾಕುತ್ತಿತ್ತು. ಫೋನ್ ಪ್ರಶ್ನೆ ಕೇಳಿದ್ದು 203.0.113.10 ಅನ್ನು, ಉತ್ತರ ಬಂದದ್ದು 192.168.10.5ರಿಂದ. ಫೋನೂ ಸರ್ವರೂ ಒಂದೇ ಜಾಲದಲ್ಲಿರುವುದರಿಂದ ಸರ್ವರ್ ರೌಟರನ್ನು ಬಿಟ್ಟು ನೇರವಾಗಿ ಫೋನಿಗೇ ಉತ್ತರಿಸುತ್ತಿತ್ತು. ಕೇಳದ ಕಡೆಯಿಂದ ಬಂದ ಉತ್ತರವನ್ನು ಫೋನ್ ನಂಬದಿದ್ದುದು ಸರಿಯೇ ಆಗಿತ್ತು. ಲೂಪ್‌ಬ್ಯಾಕ್ ಎಂದರೆ ಗುರಿಯ ವಿಳಾಸವನ್ನಷ್ಟೇ ಅಲ್ಲ, ಕಳುಹಿಸಿದವರ ವಿಳಾಸವನ್ನೂ ರೌಟರಿನದಾಗಿ ಬದಲಿಸಬೇಕು, ಆಗ ಮಾತ್ರ ಉತ್ತರವು ರೌಟರಿಗೆ ಮರಳಿ ಅಲ್ಲಿಂದ ಸರಿಯಾದ ರೂಪದಲ್ಲಿ ಫೋನಿಗೆ ಹೋಗುತ್ತದೆ. ಎರಡನೆಯ ನಿಯಮ ಸೇರಿಸಿದ ಕೂಡಲೇ ಪುಟ ತೆರೆಯಿತು. ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಒಮ್ಮೆ ವಿದ್ಯುತ್ ಹೋಗಿ ಬಂದಾಗ ಸಾರ್ವಜನಿಕ ವಿಳಾಸ ಬದಲಾಯಿತು, ನಿಯಮ ಹಳೆಯ ವಿಳಾಸವನ್ನೇ ಹಿಡಿದುಕೊಂಡು ಕುಳಿತಿತು.

ಆಮೇಲೆ ಸುಮಾರು ಒಂದು ವರ್ಷ ಡಿಎನ್‌ಎಸ್ (ಹೆಸರನ್ನು ವಿಳಾಸಕ್ಕೆ ಬದಲಿಸಿಕೊಡುವ ವ್ಯವಸ್ಥೆ) ಮಾರ್ಗವನ್ನು ಬಳಸಿದೆ. ರೌಟರಿನಲ್ಲಿ ಈ ಕೆಲಸ ಮಾಡುವ ಡಿಎನ್‌ಎಸ್‌ಮಾಸ್ಕ್ ತಂತ್ರಾಂಶದಲ್ಲಿ ಒಂದು ಸಾಲು ಬರೆದರೆ ಸಾಕು, ಮನೆಯೊಳಗಿನವರಿಗೆ ಆ ಹೆಸರು ನೇರವಾಗಿ 192.168.10.5 ಎಂದೇ ಸಿಗುತ್ತದೆ. ಸಂಚಾರ ಸ್ವಿಚ್‌ನಲ್ಲೇ ಮುಗಿಯುವುದರಿಂದ ರೌಟರಿನ ಪ್ರೊಸೆಸರಿಗೂ ಹೊರೆಯಿಲ್ಲ. ಬಹುಪಾಲು ಜನರಿಗೆ ಇಷ್ಟೇ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಎನ್‌ಕ್ರಿಪ್ಟ್ ಆದ ಡಿಎನ್‌ಎಸ್ ಬಳಸುವಂತೆ ಹೊಂದಿಸಿದ ಬ್ರೌಸರ್ ಮತ್ತು ಫೋನುಗಳು ರೌಟರನ್ನು ಕೇಳುವುದೇ ಇಲ್ಲ, ಅವು ಮತ್ತೆ ಗೇಟ್‌ವೇಯ ಲಾಗಿನ್ ಪುಟದಲ್ಲೇ ಹೋಗಿ ನಿಲ್ಲುತ್ತವೆ. ಹೊರಗೆ 8443, ಒಳಗೆ 443 ಎಂಬಂತೆ ಪೋರ್ಟ್ ಸಂಖ್ಯೆಗಳು ಬೇರೆಯಾಗಿದ್ದರೂ ಈ ಮಾರ್ಗ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಡಿಎನ್‌ಎಸ್ ವಿಳಾಸವನ್ನು ಹೇಳುತ್ತದೆಯೇ ಹೊರತು ಪೋರ್ಟನ್ನು ಬದಲಿಸುವುದಿಲ್ಲ. ಮನೆಯಲ್ಲಿ ಯಾರಾದರೂ ಹೊಸ ಫೋನ್ ತಂದಾಗಲೆಲ್ಲ ಅದರ ಡಿಎನ್‌ಎಸ್ ಹೊಂದಿಕೆಯನ್ನು ಹುಡುಕುವುದು ನನ್ನ ಪಾಲಿನ ಕೆಲಸವಾಯಿತು.

ಕೊನೆಗೆ ಗೇಟ್‌ವೇಯ ಮೆನುವಿನೊಳಗೆ ಆಳದಲ್ಲಿದ್ದ ಐಪಿ ಪಾಸ್‌ಥ್ರೂ ಆಯ್ಕೆಗೆ ಬಂದೆ, ಅಂದರೆ ಗೇಟ್‌ವೇ ತನ್ನ ಸಾರ್ವಜನಿಕ ವಿಳಾಸವನ್ನು ಹಿಂದಿನ ಸಾಧನಕ್ಕೇ ಬಿಟ್ಟುಕೊಡುವುದು. ರೌಟರಿನ ಮ್ಯಾಕ್ ವಿಳಾಸವನ್ನು (ಸಾಧನದ ಗುರುತಿನ ಸಂಖ್ಯೆ) ಅಲ್ಲಿ ನಮೂದಿಸಿ ಎರಡೂ ಸಾಧನಗಳನ್ನು ಮರುಚಾಲನೆ ಮಾಡಿದ ಮೇಲೆ ರೌಟರಿನ ಸ್ಥಿತಿ ಪುಟದಲ್ಲಿ ಮೊದಲ ಬಾರಿಗೆ ಸಾರ್ವಜನಿಕ ವಿಳಾಸವೇ ಕಾಣಿಸಿತು. ನಾನು ಬರೆದಿದ್ದ ಕೈ ನಿಯಮಗಳನ್ನೂ ಡಿಎನ್‌ಎಸ್ ಸಾಲನ್ನೂ ಅಳಿಸಿ, ರೌಟರಿನಲ್ಲಿ ಮೊದಲಿನಿಂದಲೂ ಇದ್ದ ಲೂಪ್‌ಬ್ಯಾಕ್ ಆಯ್ಕೆಯೊಂದನ್ನೇ ಉಳಿಸಿ ಪರೀಕ್ಷಿಸಿದೆ. ಪುಟ ತಡವಿಲ್ಲದೆ ತೆರೆಯಿತು. ವಿಳಾಸ ಬದಲಾದಾಗ ರೌಟರ್ ತಾನೇ ಹೊಸ ನಿಯಮ ರಚಿಸಿಕೊಳ್ಳುತ್ತದೆ. ಅಂದಿನಿಂದ ಸುಮಾರು ಎರಡು ವರ್ಷಗಳಲ್ಲಿ ಒಂದೇ ಒಂದು ಬಾರಿ ಲೂಪ್‌ಬ್ಯಾಕ್ ಕೈಕೊಟ್ಟಿದೆ: ಗೇಟ್‌ವೇಗೆ ದೂರದಿಂದ ಬಂದ ಫರ್ಮ್‌ವೇರ್ ನವೀಕರಣವು ಪಾಸ್‌ಥ್ರೂ ಆಯ್ಕೆಯನ್ನು ಅಳಿಸಿಹಾಕಿತ್ತು. ಆ ಪುಟದ ಚಿತ್ರವನ್ನು ತೆಗೆದಿಟ್ಟುಕೊಂಡಿದ್ದರಿಂದ ಸರಿಪಡಿಸುವುದು ಐದು ನಿಮಿಷದ ಕೆಲಸವಾಯಿತು.

ಲೂಪ್‌ಬ್ಯಾಕ್‌ನ ಒಂದು ಪರಿಣಾಮವನ್ನು ಮಾತ್ರ ನಾನು ಮುಂಚಿತವಾಗಿ ಊಹಿಸಿರಲಿಲ್ಲ. ಕಳುಹಿಸಿದವರ ವಿಳಾಸ ಬದಲಾಗುವುದರಿಂದ ಸರ್ವರಿನ ದಾಖಲೆಗಳಲ್ಲಿ ಮನೆಯ ಎಲ್ಲ ಸಾಧನಗಳೂ 192.168.10.1 ಎಂಬ ರೌಟರಿನ ವಿಳಾಸದಿಂದಲೇ ಬಂದಂತೆ ಕಾಣುತ್ತವೆ. ಮನೆಯ ಒಬ್ಬರ ಫೋನಿನಲ್ಲಿ ಹಳೆಯ ಗುಪ್ತಪದ ಉಳಿದಿತ್ತು. ಅದು ಮತ್ತೆ ಮತ್ತೆ ಪ್ರಯತ್ನಿಸಿದ್ದರಿಂದ ಸರ್ವರಿನ ಫೇಲ್‌ಟುಬ್ಯಾನ್ (ಪದೇ ಪದೇ ತಪ್ಪು ಗುಪ್ತಪದ ಕೊಡುವ ವಿಳಾಸವನ್ನು ತಡೆಯುವ ತಂತ್ರಾಂಶ) ಆ ವಿಳಾಸವನ್ನು ತಡೆಹಿಡಿಯಿತು, ಒಬ್ಬರ ತಪ್ಪಿಗೆ ಮನೆಯವರೆಲ್ಲರಿಗೂ ಬಾಗಿಲು ಮುಚ್ಚಿತು. ರೌಟರಿನ ವಿಳಾಸವನ್ನು ವಿನಾಯಿತಿ ಪಟ್ಟಿಗೆ ಸೇರಿಸಿದ್ದೇನೆ.

ಇದೇ ಜೋಡಣೆಗೆ ಕೈಹಾಕುವವರು ರೌಟರ್ ಕೊಳ್ಳುವ ಮೊದಲು ಗೇಟ್‌ವೇಯ ಸ್ಥಿತಿ ಪುಟವನ್ನು ನೋಡಲಿ. ಅದರ ಹೊರಮುಖದ ವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾದರೆ ಸಾರ್ವಜನಿಕ ವಿಳಾಸ ಸೇವಾದಾತರ ಬಳಿಯೇ ಹಂಚಿಕೆಯಲ್ಲಿದೆ ಎಂದರ್ಥ. ಆಗ ಐಪಿವಿ4ರಲ್ಲಿ (ಇಲ್ಲಿಯವರೆಗೆ ಹೇಳಿದ ವಿಳಾಸಗಳ ಪದ್ಧತಿ) ಹೊರಗಿನಿಂದ ಒಳಬರುವ ದಾರಿಯೇ ತೆರೆಯುವುದಿಲ್ಲ, ಪಾಸ್‌ಥ್ರೂ ಮಾಡಿಯೂ ಪ್ರಯೋಜನವಿಲ್ಲ. ಅಂಥವರು ಸ್ವಂತ ಸಾರ್ವಜನಿಕ ವಿಳಾಸ ಕೊಡುತ್ತಾರೆಯೇ ಎಂದು ಸೇವಾದಾತರನ್ನು ಕೇಳಬೇಕು, ಇಲ್ಲವೇ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಇದೆಯೇ ಎಂದು ನೋಡಬೇಕು. ಐಪಿವಿ6ರಲ್ಲಿ ಸರ್ವರಿಗೇ ಜಾಗತಿಕ ವಿಳಾಸ ಇರುವುದರಿಂದ ಮನೆಯೊಳಗಿನ ಫೋನ್ ಅದನ್ನು ನೇರವಾಗಿಯೇ ತಲುಪುತ್ತದೆ, ಹೊರಗಿನವರಿಗಾಗಿ ಫೈರ್‌ವಾಲ್‌ನಲ್ಲಿ ಒಂದು ಪೋರ್ಟ್ ತೆರೆದರೆ ಸಾಕು.